ಎರಡು ಬಾಟಲಿಯ ಸಿಒ2 ಕಿಟ್: ಎರಡಡಿ ಟ್ಯಾಂಕಿಗೆ ಧಾರಾಳ, ಕಣ್ಣಿಡಬೇಕಾದ್ದು ವಾಲ್ವ್‌ಗಳ ಮೇಲೆ

ಅಕ್ವೇರಿಯಂ ಟ್ಯಾಂಕಿನ ಗಿಡಗಳಿಗಾಗಿ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಮತ್ತು ಅಡುಗೆ ಸೋಡಾ ಸೇರಿಸಿ ಇಂಗಾಲದ ಡೈಆಕ್ಸೈಡ್ (ಸಿಒ2) ತೆಗೆಯುವ ಎರಡು ಬಾಟಲಿಯ ಕಿಟ್ ಆನ್‌ಲೈನಿನಲ್ಲಿ ಹತ್ತಾರು ಹೆಸರುಗಳಲ್ಲಿ ಸಿಗುತ್ತದೆ. ಪೆಟ್ಟಿಗೆ ಬಿಚ್ಚಿದರೆ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಎರಡು ಮುಚ್ಚಳ, ಒತ್ತಡದ ಗೇಜ್, ಗ್ಯಾಸಿನ ಹರಿವನ್ನು ಹೊಂದಿಸುವ ನೀಡಲ್ ವಾಲ್ವ್, ಒಂದಿಷ್ಟು ಪೈಪು. ಬಾಟಲಿ ನಮ್ಮದು. ಇಲ್ಲಿ ಬರೆದಿರುವುದು 60×30×30 ಸೆಂಟಿಮೀಟರಿನ, ಅಂದರೆ 54 ಲೀಟರಿನ ಟ್ಯಾಂಕಿಗೆ ಈ ಕಿಟ್ಟನ್ನು ದೀರ್ಘಕಾಲ ಓಡಿಸಿದ ಲೆಕ್ಕ. ಎರಡಡಿ ಟ್ಯಾಂಕಿನವರೆಗೆ ಇದು ಕೊಟ್ಟ ಹಣಕ್ಕೆ ಮೋಸ ಮಾಡದು. ಮೂರಡಿ ದಾಟಿದ ಮೇಲೆ ಇದರ ಹಿಂದೆ ಬೀಳಬೇಡಿ. ಎರಡೂ ಕಡೆ ನೋಡಬೇಕಾದ್ದು ಒಂದೇ, ದಿನದಿನವೂ ಒಂದೇ ಪ್ರಮಾಣದ ಗ್ಯಾಸ್ ಬರುತ್ತದೆಯೇ ಎಂಬುದು. ಇವತ್ತು ಹೆಚ್ಚು, ನಾಳೆ ಕಡಿಮೆ ಆದರೆ ಗಿಡಕ್ಕಿಂತ ಮೊದಲು ಬ್ಲ್ಯಾಕ್ ಬ್ರಶ್ ಪಾಚಿ ಎಲೆಯಂಚಿಗೆ ಬಂದು ಕೂರುತ್ತದೆ.

ಮೊದಲು, ಸಿಒ2 ಬೇಕೇ ಎಂದು ಕೇಳಿಕೊಳ್ಳಿ. ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೋಕೊರೈನ್ ಮಾತ್ರ ಇದ್ದು ದೀಪ ಸಾಧಾರಣವಾಗಿದ್ದರೆ ಬೇಡ. ನೆಲಕ್ಕೆ ಹರಡುವ ಮಾಂಟೆ ಕಾರ್ಲೋ ಗಿಡದ ಹಾಸು ಬೇಕು, ನಮ್ಮ ದೇಶದ್ದೇ ಆದ ರೋಟಾಲಾ ಮ್ಯಾಕ್ರಾಂಡ್ರಾ ಕೆಂಪೇರಬೇಕು ಎಂದರೆ ಬೇಕೇ ಬೇಕು. ಲಿಕ್ವಿಡ್ ಕಾರ್ಬನ್ ಎಂದು ಮಾರುವ ಸೀಸೆಗಳಲ್ಲಿ ಸಾಮಾನ್ಯವಾಗಿ ಇರುವುದು ಗ್ಲೂಟರಾಲ್ಡಿಹೈಡ್. ಅದು ಪಾಚಿ ತಗ್ಗಿಸೀತು, ಗ್ಯಾಸಿನ ಜಾಗ ತುಂಬದು, ವ್ಯಾಲಿಸ್ನೇರಿಯಾ ಗಿಡ ಇದ್ದರೆ ಅದನ್ನೇ ಕರಗಿಸುತ್ತದೆ.

ಕಿಟ್ ಕೆಲಸ ಮಾಡುವ ಬಗೆ ಅರ್ಥವಾದರೆ ಅರ್ಧ ತೊಂದರೆ ತಪ್ಪಿದಂತೆ. ಎ ಬಾಟಲಿಯಲ್ಲಿ ನಿಂಬೆ ಉಪ್ಪಿನ ದ್ರಾವಣ, ಬಿ ಬಾಟಲಿಯಲ್ಲಿ ಸೋಡಾ. ಬಿ-ಯಲ್ಲಿ ಹುಟ್ಟಿದ ಒತ್ತಡ ಎ-ಗೂ ಹೋಗಿ ಎರಡೂ ಸಮವಾಗುತ್ತವೆ. ನೀಡಲ್ ವಾಲ್ವ್ ಮೂಲಕ ಗ್ಯಾಸ್ ಹೊರಗೆ ಹೋದಂತೆ ಬಿ-ಯ ಒತ್ತಡ ಇಳಿಯುತ್ತದೆ. ಆಗ ಎ-ಯಲ್ಲಿ ಉಳಿದ ಒತ್ತಡ ಸ್ವಲ್ಪ ಹುಳಿನೀರನ್ನು ಬಿ-ಗೆ ತಳ್ಳುತ್ತದೆ, ಮತ್ತೆ ಗ್ಯಾಸ್ ಹುಟ್ಟುತ್ತದೆ. ಬೇಕಾದಷ್ಟೇ ಹುಟ್ಟುವುದು ಇದರ ದೊಡ್ಡ ಗುಣ. ಎರಡು ಬಾಟಲಿಗಳ ನಡುವಿನ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಸೋರಿದ ದಿನ ಈ ಗುಣ ಪೂರ್ತಿ ಹೋಗುತ್ತದೆ.

ಅಳತೆ: ಎ-ಗೆ 200 ಗ್ರಾಂ ನಿಂಬೆ ಉಪ್ಪು, 600 ಮಿಲಿ ನೀರು. ಬಿ-ಗೆ 200 ಗ್ರಾಂ ಅಡುಗೆ ಸೋಡಾ, 200 ಮಿಲಿ ನೀರು. 84 ಗ್ರಾಂ ಸೋಡಾದಿಂದ 44 ಗ್ರಾಂ ಸಿಒ2 ಬರುವುದರಿಂದ 200 ಗ್ರಾಮಿಗೆ ಸಿಗುವುದು ಸುಮಾರು 105 ಗ್ರಾಂ ಗ್ಯಾಸ್. ಅಷ್ಟು ಸೋಡಾಕ್ಕೆ ಲೆಕ್ಕದಲ್ಲಿ ಬೇಕಾದ ನಿಂಬೆ ಉಪ್ಪು 152 ಗ್ರಾಂ, ಹರಳಿನಲ್ಲಿ ನೀರು ಸೇರಿರುವ ಬಗೆಯಾದರೆ 167 ಗ್ರಾಂ. ಹಾಗಾದರೆ 200 ಯಾಕೆ? ಎ ಬಾಟಲಿಯ ಪೈಪು ತಳದವರೆಗೆ ಎಳೆಯುವುದಿಲ್ಲ, ಕೊನೆಯ ಒಂದಿಷ್ಟು ಹುಳಿನೀರು ಉಳಿದೇ ಉಳಿಯುತ್ತದೆ. ಪೈಪಿನ ತುದಿ ತಳ ಮುಟ್ಟುವಂತೆ ಉದ್ದ ಸರಿಮಾಡಿಕೊಂಡು, ತುದಿಯನ್ನು ಓರೆಯಾಗಿ ಕತ್ತರಿಸಿದರೆ 180 ಗ್ರಾಂ ಸಾಕು.

ಬೇಕಿಂಗ್ ಪೌಡರ್ ಹಾಕಬೇಡಿ. ಅದರಲ್ಲಿ ಆಗಲೇ ಹುಳಿಯೂ ಪಿಷ್ಟವೂ ಬೆರೆತಿರುತ್ತವೆ. ನೀರು ತಾಗಿದ ಕೂಡಲೇ ಗ್ಯಾಸ್ ಹೋಗುತ್ತದೆ, ಮಿಕ್ಕಿದ್ದು ಗಂಜಿಯಾಗಿ ಪೈಪು ಹಿಡಿಯುತ್ತದೆ. ಬಟ್ಟೆ ಸೋಡಾದಿಂದಲೂ ಗ್ಯಾಸ್ ಬರುತ್ತದೆ, ಆದರೆ 44 ಗ್ರಾಮಿಗೆ 106 ಗ್ರಾಂ ಸುರಿಯಬೇಕು.

ಎಲ್ಲರೂ ಎಡವುವುದು ಬಿ ಬಾಟಲಿಯಲ್ಲಿ. 100 ಮಿಲಿ ನೀರಿನಲ್ಲಿ ಕರಗುವ ಅಡುಗೆ ಸೋಡಾ 10 ಗ್ರಾಮಿಗೂ ಸ್ವಲ್ಪ ಕಡಿಮೆ. ಅಂದಮೇಲೆ 200 ಮಿಲಿಯಲ್ಲಿ 200 ಗ್ರಾಂ ಕರಗುವ ಮಾತೇ ಇಲ್ಲ, ದೋಸೆ ಹಿಟ್ಟಿನ ಹಾಗೆ ತಳದಲ್ಲಿ ಕೂತಿರುತ್ತದೆ. ಹತ್ತು ದಿನ ಅಲುಗಿಸದೆ ಬಿಟ್ಟರೆ ಕಲ್ಲಾಗುತ್ತದೆ. ಹುಳಿನೀರು ಅದರ ಮೇಲೆ ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ, ಮುಗಿಯಿತು ಎಂದು ಬಾಟಲಿ ಬಿಚ್ಚಿ ನೋಡಿದರೆ ಅರ್ಧ ಸೋಡಾ ಹಾಗೇ ಇರುತ್ತದೆ. ಬಿಚ್ಚುವ ಮುನ್ನ ಬಾಟಲಿಯನ್ನು ಅಲುಗಿಸಬೇಡಿ: ಗಟ್ಟಿ ಕಟ್ಟಿದ್ದು ಒಮ್ಮೆಗೇ ಒಡೆದರೆ ಮೇಲೆ ನಿಂತ ಹುಳಿಯೆಲ್ಲ ಒಟ್ಟಿಗೆ ಸೇರಿ ಗೇಜ್ ಮುಳ್ಳು ಹಾರುತ್ತದೆ. ನಾಲ್ಕು ದಿನಕ್ಕೊಮ್ಮೆ, ಒತ್ತಡ ಕಡಿಮೆ ಇರುವ ಹೊತ್ತಿನಲ್ಲಿ, ಬಾಟಲಿಯನ್ನು ನಿಂತಲ್ಲೇ ಎರಡು ಸುತ್ತು ಮೆಲ್ಲಗೆ ತಿರುಗಿಸುವುದು ಸರಿಯಾದ ಅಭ್ಯಾಸ.

ಬಾಟಲಿ ಆರಿಸುವಾಗ ನೀರಿನ ಬಾಟಲಿ ಬೇಡವೇ ಬೇಡ, ಅದು ಒತ್ತಡಕ್ಕೆಂದು ಮಾಡಿದ್ದಲ್ಲ. ಗ್ಯಾಸ್ ತುಂಬಿದ ತಂಪು ಪಾನೀಯದ್ದೇ ಆಗಬೇಕು. ಎ-ಯ ದ್ರಾವಣವೆಲ್ಲ ಕೊನೆಗೆ ಬಿ-ಗೆ ಬಂದು ಸೇರುವುದರಿಂದ ಅಲ್ಲಿ ಒಂದು ಲೀಟರಿನ ಹತ್ತಿರ ದ್ರವ ನಿಲ್ಲುತ್ತದೆ. ಬಿ-ಗೆ 2 ಲೀಟರಿನ ಬಾಟಲಿ ಇಡಿ. ಚಿಕ್ಕದಿಟ್ಟರೆ ನೊರೆ ಮೇಲೇರಿ ನೀಡಲ್ ವಾಲ್ವಿಗೆ ನುಗ್ಗಿ, ಒಣಗಿ ಉಪ್ಪು ಕಟ್ಟುತ್ತದೆ. ಈಗಿನ ಹಲವು ಬಾಟಲಿಗಳ ಕತ್ತು ಹಳೆಯವಕ್ಕಿಂತ ಗಿಡ್ಡ, ತಿರುಪಿನ ಸುತ್ತೂ ಕಡಿಮೆ. ಎರಡೂ 28 ಮಿಲಿಮೀಟರಿನವೇ ಆದ್ದರಿಂದ ಮುಚ್ಚಳ ಕೂತಂತೆ ಕಾಣುತ್ತದೆ, ಒಳಗಿನ ವಾಷರ್ ಮಾತ್ರ ಬಾಯಿಗೆ ಒತ್ತಿರುವುದಿಲ್ಲ. ಮುಚ್ಚಳ ಬಿಗಿದ ಮೇಲೂ ಅಲ್ಲಾಡಿದರೆ ಬಾಟಲಿ ಬದಲಿಸಿ. ಟೆಫ್ಲಾನ್ ಟೇಪು ಸುತ್ತಿ ಸರಿಪಡಿಸಲು ಹೋಗಬೇಡಿ, ಇಲ್ಲಿ ಸೋರಿಕೆ ತಡೆಯುವುದು ವಾಷರೇ.

ಶುರು ಮಾಡುವ ಕ್ರಮ: ಎರಡೂ ಬಾಟಲಿ ಒಂದೇ ಮಟ್ಟದಲ್ಲಿ ಇರಲಿ. ಎ ಎತ್ತರದಲ್ಲಿದ್ದರೆ ಹುಳಿನೀರು ತಾನಾಗಿ ಇಳಿಯುತ್ತದೆ. ನೀಡಲ್ ವಾಲ್ವ್ ಮುಚ್ಚಿ, ಎ ಬಾಟಲಿಯನ್ನು ಒಮ್ಮೆ ಹಿಸುಕಿ ಬಿಡಿ. ಗೇಜ್ 1ರಿಂದ ಒಂದೂವರೆ ಕೆಜಿಯ (ಚದರ ಸೆಂಟಿಮೀಟರಿಗೆ ಬೀಳುವ ಒತ್ತಡದ ಲೆಕ್ಕ) ನಡುವೆ ಬರುವವರೆಗೆ ಸ್ವಲ್ಪಸ್ವಲ್ಪವೇ ಹಿಸುಕಬೇಕು. 2 ಕೆಜಿ ದಾಟಿಸುವ ಅಗತ್ಯ ಯಾವಾಗಲೂ ಇಲ್ಲ. ಸೋಪು ನೀರು ಹಚ್ಚಿ ಎಲ್ಲ ಜೋಡಣೆ ನೋಡಿ. ಆಮೇಲೆ ವಾಲ್ವ್ ಮುಚ್ಚಿಟ್ಟು ಒಂದು ರಾತ್ರಿ ಬಿಡಿ. ಚಳಿಗೆ ಮುಳ್ಳು ಒಂದು ಕೂದಲೆಳೆ ಇಳಿಯುವುದು ಸಹಜ, ಅರ್ಧ ಕೆಜಿ ಇಳಿದರೆ ಸೋರಿಕೆ. ಬೆಳಿಗ್ಗೆ ಮುಳ್ಳು ಏರಿದ್ದರೆ ಅದು ಸೋರಿಕೆಗಿಂತ ಕೆಟ್ಟ ಸುದ್ದಿ: ನಡುವಿನ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಹಾಗೇ ಮುಂದುವರಿಸಬೇಡಿ. ಬಾಟಲಿಗಳು ಬಿಸಿಲಿಗೆ ಬೀಳದ ಕಡೆ ಇರಲಿ, ಪ್ಲಾಸ್ಟಿಕ್ಕು ಬಿಸಿಗೆ ಸೋಲುತ್ತದೆ. ಮತ್ತೆ ತುಂಬುವಾಗ ನೀಡಲ್ ವಾಲ್ವ್ ಪೂರ್ತಿ ತೆರೆದು ಗೇಜ್ ಸೊನ್ನೆಗೆ ಬಂದ ಮೇಲಷ್ಟೇ ಮುಚ್ಚಳಕ್ಕೆ ಕೈ ಹಾಕಿ.

ಕಿಟ್ಟಿನ ಜೊತೆ ಬರುವ ಪೈಪು ಸಿಲಿಕೋನ್ ಆಗಿದ್ದರೆ ಮೊದಲ ದಿನವೇ ಎತ್ತಿಡಿ. ಗಾಳಿ ಪಂಪಿಗೆ ಅದು ಚೆನ್ನ, ಸಿಒ2 ಮಾತ್ರ ಅದರ ಗೋಡೆಯ ಮೂಲಕವೇ ಹೊರಹೋಗುತ್ತದೆ. ಪಾಲಿಯುರೆಥೇನ್ ಪೈಪು ಹಾಕಿ. ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಚೆಕ್ ವಾಲ್ವ್ ಇರಲೇಬೇಕು. ಇಲ್ಲದಿದ್ದರೆ ಒತ್ತಡ ಮುಗಿದ ರಾತ್ರಿ ಟ್ಯಾಂಕಿನ ನೀರು ಹಿಂದಕ್ಕೆ ಹರಿದು ನೀಡಲ್ ವಾಲ್ವ್, ಗೇಜ್ ಎರಡನ್ನೂ ಹಾಳುಮಾಡುತ್ತದೆ. ಚೆಕ್ ವಾಲ್ವ್ ಎಂಬ ಈ ಪುಟ್ಟ ಭಾಗ ಸವೆಯುವ ವಸ್ತು ಎಂದೇ ತಿಳಿದು, ವರ್ಷಕ್ಕೊಮ್ಮೆ ಬಾಯಿಂದ ಊದಿ ಪರೀಕ್ಷಿಸಿ ಬದಲಿಸಬೇಕು.

ಖರ್ಚಿನ ಲೆಕ್ಕವನ್ನು ದಿನಕ್ಕೆ ಇಷ್ಟು ಗ್ರಾಂ ಎಂದು ಹಾಕುವುದು ಸುಲಭ. ಸೆಕೆಂಡಿಗೆ ಒಂದು ಗುಳ್ಳೆಯಂತೆ 8 ಗಂಟೆ ಬಿಟ್ಟರೆ 28,800 ಗುಳ್ಳೆ. ಗುಳ್ಳೆಗೆ 0.05 ಮಿಲಿ ಎಂದು ಹಿಡಿದರೆ ಸುಮಾರು 1.4 ಲೀಟರ್, ತೂಕದಲ್ಲಿ ಎರಡೂವರೆ ಗ್ರಾಂ ಚಿಲ್ಲರೆ. 105 ಗ್ರಾಂ ಹೀಗೆ 40 ದಿನ ಬರಬೇಕು. ನಿಜಕ್ಕೂ ಕೈಗೆ ಸಿಗುವುದು ನಾಲ್ಕು ವಾರ. ಮಿಕ್ಕಿದ್ದು ಶುರುವಿನ ಪರೀಕ್ಷೆಯಲ್ಲಿ, ದ್ರವದಲ್ಲಿ ಕರಗಿ, ಬಿಚ್ಚುವಾಗ ಬಿಟ್ಟ ಒತ್ತಡದಲ್ಲಿ, ಕಲ್ಲಾದ ಸೋಡಾದಲ್ಲಿ ಹೋಗುತ್ತದೆ. ತಿಂಗಳಿಗೆ 200 ಗ್ರಾಂ ಸೋಡಾ, 200 ಗ್ರಾಂ ನಿಂಬೆ ಉಪ್ಪು. ನಿಮ್ಮೂರಿನ ದಿನಸಿ ಅಂಗಡಿಯ ದರಕ್ಕೆ ಗುಣಿಸಿ ನೋಡಿ, ಇದಕ್ಕಿಂತ ಅಗ್ಗವಾಗಿ ನಂಬಿಕೆಯ ಗ್ಯಾಸ್ ಸಿಗುವುದು ಕಷ್ಟ.

ಗುಳ್ಳೆ ಎಣಿಸಿ ತೃಪ್ತಿಪಡುವುದು ಸಾಲದು. ಗುಳ್ಳೆಯ ಗಾತ್ರ ಒಂದೊಂದು ಬಬಲ್ ಕೌಂಟರಿಗೆ (ಗುಳ್ಳೆ ಎಣಿಸುವ ಸಾಧನ) ಒಂದೊಂದು. ನೀರಿನ ಸಿಒ2 ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ಇಟ್ಟು, ಅದಕ್ಕೆ 4 ಡಿಗ್ರಿ ಕೆಎಚ್ (ಕಾರ್ಬೊನೇಟ್ ಗಡಸುತನ) ದ್ರಾವಣ ಮತ್ತು ಬಣ್ಣ ಬದಲಿಸುವ ಸೂಚಕವಾದ ಬ್ರೋಮೋಥೈಮಾಲ್ ಬ್ಲೂ ಹಾಕಿ. ದ್ರಾವಣ ಮನೆಯಲ್ಲೇ ಆಗುತ್ತದೆ: 1.2 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದರೆ 40 ಡಿಗ್ರಿ, ಅದರ ಒಂದು ಪಾಲಿಗೆ ಒಂಬತ್ತು ಪಾಲು ಅದೇ ನೀರು ಸೇರಿಸಿದರೆ 4. ನಲ್ಲಿ ನೀರನ್ನೋ ಟ್ಯಾಂಕಿನ ನೀರನ್ನೋ ಹಾಕಿದರೆ ಬಣ್ಣಕ್ಕೆ ಅರ್ಥವಿಲ್ಲ, ಬೋರ್‌ವೆಲ್ ಮನೆಗಳಲ್ಲಿ ಅಂತೂ ಗ್ಯಾಸ್ ಎಷ್ಟಿದ್ದರೂ ನೀಲಿಯೇ ಕಾಣುತ್ತಿರುತ್ತದೆ. ಹಸಿರು ಎಂದರೆ ಲೀಟರಿಗೆ 30 ಮಿಲಿಗ್ರಾಂ ಆಸುಪಾಸು. ನೀಲಿ ಎಂದರೆ ಕಡಿಮೆ, ಹಳದಿ ಎಂದರೆ ಮೀನಿಗೆ ಅಪಾಯ. ಬಣ್ಣ ಒಂದೆರಡು ಗಂಟೆ ತಡವಾಗಿ ಬದಲಾಗುತ್ತದೆ, ಹಾಗಾಗಿ ವಾಲ್ವನ್ನು ಕಾಲು ತಿರುವಿಗಿಂತ ಕಡಿಮೆ ತಿರುಗಿಸಿ ಅಷ್ಟು ಹೊತ್ತು ಕಾಯಬೇಕು. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಬಣ್ಣ ನೋಡುತ್ತ ನಿಲ್ಲಬೇಡಿ. ಗ್ಯಾಸ್ ಮುಚ್ಚಿ, ಏರ್ ಪಂಪ್ ಹಾಕಿ, ಮೂರನೇ ಒಂದು ಪಾಲು ನೀರು ಬದಲಿಸಿ.

ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಡಿಫ್ಯೂಸರನ್ನು ತಳದ ಹತ್ತಿರ, ಫಿಲ್ಟರಿನ ಹರಿವು ಗುಳ್ಳೆಗಳನ್ನು ಎದುರು ಮೂಲೆಗೆ ಒಯ್ಯುವ ಜಾಗದಲ್ಲಿ ಕೂರಿಸಿ. ನೀರನ್ನು ಮೇಲಿಂದ ಸುರಿಯುವ ಫಿಲ್ಟರ್ ಇದ್ದರೆ ನೀರಿನ ಮಟ್ಟ ಅದರ ಬಾಯಿಯವರೆಗೆ ಇರಲಿ, ಇಲ್ಲದಿದ್ದರೆ ಹಾಕಿದ ಗ್ಯಾಸ್ ಹಾರಿಹೋಗುತ್ತದೆ. ಡಿಫ್ಯೂಸರಿನ ಸೆರಾಮಿಕ್ ಬಿಲ್ಲೆ ಪಾಚಿ ಕಟ್ಟಿದಾಗ ಉಜ್ಜಬೇಡಿ. ನೀರು ಬೆರೆಸಿದ ಬ್ಲೀಚಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ದ್ರಾವಣದಲ್ಲಿ ಅದ್ದಿ ಹಾಕಿ. ಬ್ಲೀಚನ್ನು ನಿಂಬೆ ಉಪ್ಪಿನ ನೀರಿಗೆ ತಾಗಿಸಬೇಡಿ, ವಿಷಕಾರಿ ಕ್ಲೋರಿನ್ ಏಳುತ್ತದೆ.

ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇಲ್ಲದ ಅಗ್ಗದ ಕಿಟ್ ಮತ್ತು ಇರುವ ಕಿಟ್ ನಡುವೆ ಆಯ್ಕೆಯಿದ್ದರೆ ಇರುವುದನ್ನೇ ಕೊಳ್ಳಿ, ಉಳಿತಾಯ ಬೇರೆಲ್ಲಾದರೂ ಆಗಲಿ. ರಾತ್ರಿ ಗಿಡ ಸಿಒ2 ಬಳಸುವುದಿಲ್ಲ, ಉಸಿರಾಡಿ ತಾನೂ ಬಿಡುತ್ತದೆ. ರಾತ್ರಿಯಿಡೀ ಗ್ಯಾಸ್ ಓಡಿದ ಟ್ಯಾಂಕಿನಲ್ಲಿ ಬೆಳಗಿನ ಜಾವ ಮೀನು, ಸೀಗಡಿ ಒದ್ದಾಡುತ್ತವೆ. ಟೈಮರ್ ಇಟ್ಟು ದೀಪಕ್ಕೆ ಒಂದೂವರೆ–ಎರಡು ಗಂಟೆ ಮೊದಲು ಗ್ಯಾಸ್ ಶುರು, ದೀಪ ಆರುವ ಒಂದು ಗಂಟೆ ಮೊದಲು ಬಂದ್. ಕರೆಂಟ್ ಹೋದಾಗ ಮುಚ್ಚಿಕೊಳ್ಳುವ ಬಗೆಯದೇ ಬೇಕು, ಲೋಡ್ ಶೆಡ್ಡಿಂಗ್ ಊರುಗಳಲ್ಲಿ ಫಿಲ್ಟರ್ ನಿಂತು ಗ್ಯಾಸ್ ಮಾತ್ರ ಓಡುವಂತಾಗಬಾರದು. ಸೊಲೆನಾಯ್ಡ್ ಕೈಗೆ ಬೆಚ್ಚಗಾಗುವುದು ಸಹಜ.

ದೀರ್ಘ ಬಳಕೆಯಲ್ಲಿ ಮೊದಲು ಸೋಲುವುದು ಮುಚ್ಚಳದ ವಾಷರ್, ಆಮೇಲೆ ಚೆಕ್ ವಾಲ್ವ್. ನೀಡಲ್ ವಾಲ್ವ್ ಮುರಿಯುವುದಿಲ್ಲ, ಜಾರುತ್ತದೆ: ಸಂಜೆ ಸೆಕೆಂಡಿಗೆ ಒಂದು ಗುಳ್ಳೆ ಇಟ್ಟದ್ದು ಮರುದಿನ ಎರಡಾಗಿರುತ್ತದೆ. ಉಪ್ಪು ಕಟ್ಟಿದ್ದರೆ ಬಿಸಿನೀರಿನಲ್ಲಿ ತೊಳೆದು ಸರಿಹೋಗುತ್ತದೆ, ತಿರುಪೇ ಸಡಿಲವಾಗಿದ್ದರೆ ಬೇರೆ ಒಳ್ಳೆಯ ನೀಡಲ್ ವಾಲ್ವನ್ನು ಅದರ ಮುಂದೆ ಜೋಡಿಸುವುದೇ ದಾರಿ. ಬಾಟಲಿಗಳನ್ನು ಆರು ತಿಂಗಳಿಗೊಮ್ಮೆ ಬದಲಿಸಿ. ಬಿಳಿಯಾದ ಗೆರೆ, ತಳದಲ್ಲಿ ಬಿರುಕು ಕಂಡರೆ ಅವತ್ತೇ.

ಈ ಕಿಟ್ಟಿಗೆ ಬದಲಿಗಳೂ ಇವೆ. ಈಸ್ಟ್ ಮತ್ತು ಸಕ್ಕರೆಯದು ಎಲ್ಲಕ್ಕಿಂತ ಅಗ್ಗ, ಆದರೆ ಮುಚ್ಚಿಡುವಂತಿಲ್ಲ, ಹವೆಯ ಕೈಗೊಂಬೆ. ಕಲಬುರಗಿಯ ಬೇಸಿಗೆಯಲ್ಲಿ ಒಂದೇ ವಾರದಲ್ಲಿ ಉಕ್ಕಿ ತಣಿಯುತ್ತದೆ, ಮಡಿಕೇರಿಯ ಚಳಿಯಲ್ಲಿ ಏಳುವುದೇ ಇಲ್ಲ. ಇಪ್ಪತ್ತು ಲೀಟರಿನ ಪುಟ್ಟ ಟ್ಯಾಂಕಿಗೆ ಪರವಾಗಿಲ್ಲ. ಅದೇ ಹುಳಿ–ಸೋಡಾವನ್ನು ಒಮ್ಮೆಗೇ ಬೆರೆಸುವ 2 ಲೀಟರಿನ ಉಕ್ಕಿನ ಬಾಟಲಿ ನೋಡಲು ಚೆಂದ, ಗುಳ್ಳೆಯೂ ಹೆಚ್ಚು ಸ್ಥಿರ. ಅಲ್ಲಿ ಗ್ಯಾಸೆಲ್ಲ ಒಟ್ಟಿಗೆ ಹುಟ್ಟಿ ಹತ್ತಾರು ಕೆಜಿ ಒತ್ತಡದಲ್ಲಿ ನಿಲ್ಲುತ್ತದೆ. ತಯಾರಕರು ಹೇಳಿದ ಅಳತೆಗಿಂತ ಒಂದು ಚಮಚವೂ ಹೆಚ್ಚು ಹಾಕಬಾರದು, ಸೇಫ್ಟಿ ವಾಲ್ವ್ ಇಲ್ಲದ್ದನ್ನು ಮನೆಗೆ ತರಲೇಬಾರದು.

ಸಿಲಿಂಡರಿನ ಮಾತು ಬೇರೆ. 2 ಕೆಜಿ ಗ್ಯಾಸ್ ಎಂದರೆ ಈ ಕಿಟ್ಟನ್ನು 19 ಸಲ ತುಂಬಿದಷ್ಟು. 150 ಲೀಟರಿನ ಟ್ಯಾಂಕಿಗೆ ವಾರವಾರ ಸೋಡಾ ಕಲಸುವುದಕ್ಕಿಂತ ಮೊದಲೇ ಕೆಲವು ಸಾವಿರ ಹೆಚ್ಚು ಹಾಕುವುದು ಕಡೆಗೆ ಅಗ್ಗ. ಕೊಳ್ಳುವ ಮುನ್ನ ಊರಿನಲ್ಲಿ ತುಂಬಿಸಿಕೊಡುವವರು ಯಾರು ಎಂದು ವಿಚಾರಿಸಿ. ಸಿಲಿಂಡರಿನ ಮೇಲೆ ಕೆತ್ತಿದ ಒತ್ತಡ ಪರೀಕ್ಷೆಯ ದಿನಾಂಕ 5 ವರ್ಷದೊಳಗಿನದಾಗಿರಬೇಕು. ಒತ್ತಡ ಇಳಿಸಿಕೊಡುವ ರೆಗ್ಯುಲೇಟರಿನ ತಿರುಪು ಸಿಲಿಂಡರಿಗೆ ಕೂರುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಬೇಕು, ಹೊರದೇಶದ ರೆಗ್ಯುಲೇಟರುಗಳಿಗೆ ಹಲವು ಬಾರಿ ಅಡಾಪ್ಟರ್ ಬೇಕಾಗುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಅಗ್ಗಕ್ಕೆ ಸಿಕ್ಕಿತೆಂದು ಹಾಗೇ ಜೋಡಿಸಬೇಡಿ: ಅದರೊಳಗೆ ತಳದವರೆಗೆ ಇಳಿದ ಕೊಳವೆ ಗ್ಯಾಸಿನ ಬದಲು ದ್ರವವನ್ನೇ ಮೇಲಕ್ಕೆ ಕಳಿಸುತ್ತದೆ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಲಿ, ಗೋಡೆಗೆ ಕಟ್ಟಿರಲಿ. ಒಳಗೆ ದ್ರವ ಇರುವವರೆಗೆ ಗೇಜ್ ಒಂದೇ ಕಡೆ ನಿಲ್ಲುತ್ತದೆ, ಅದನ್ನು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ತೂಕ ಹಾಕಿಯೇ ತಿಳಿಯಬೇಕು. ಮುಳ್ಳು ಇಳಿಯತೊಡಗಿತೆಂದರೆ ದ್ರವ ಮುಗಿದಿದೆ. ಆ ಹೊತ್ತಿನಲ್ಲಿ ಒತ್ತಡವನ್ನು ಒಂದೇ ಹಂತದಲ್ಲಿ ಇಳಿಸುವ ಅಗ್ಗದ ಸಿಂಗಲ್ ಸ್ಟೇಜ್ ರೆಗ್ಯುಲೇಟರುಗಳ ಹೊರ ಒತ್ತಡ ಏರಿ ಗುಳ್ಳೆ ಒಮ್ಮೆಗೇ ಹೆಚ್ಚಬಹುದು. ಮುಳ್ಳು ಅಲುಗಿದ ವಾರವೇ ತುಂಬಿಸಲು ಒಯ್ಯಿರಿ.