ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ‘ಹೌಲ್’

ಮೈಸೂರಿನ ಒಂದು ಹಳೇ ಪುಸ್ತಕದಂಗಡಿಯಲ್ಲಿ ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್‌ನ ನೀಳ್ಗವಿತೆ ‘ಹೌಲ್’ 80 ರೂಪಾಯಿಗೆ ಸಿಕ್ಕಿತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಒಂದೇ ಸಲ ಓದಿ ಮುಗಿಸೋಣ ಅಂದುಕೊಂಡೆ, ಆಗಲಿಲ್ಲ. ಒಂದೊಂದು ಸಾಲೂ ಉಸಿರು ಕಟ್ಟುವಷ್ಟು ಉದ್ದ, ಮೊದಲ ಭಾಗವಂತೂ ಹೆಚ್ಚುಕಡಿಮೆ ಒಂದೇ ವಾಕ್ಯ. 1956ರ ಪುಸ್ತಕ. ಅಶ್ಲೀಲ ಅಂತ ಕೇಸು ಹಾಕಿದರು, 1957ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೋರ್ಟು ಅಲ್ಲ ಅಂದಿತು. ನನ್ನನ್ನು ಕಾಡಿದ್ದು ಆ ಹಸಿ ಮಾತುಗಳಲ್ಲ, ಎರಡನೇ ಭಾಗದ ಮೋಲೋಕ್. ಮಕ್ಕಳನ್ನು ಬಲಿ ಕೇಳುತ್ತಿದ್ದ ಹಳೇ ದೇವರು ಇಲ್ಲಿ ದುಡ್ಡು, ಯಂತ್ರ, ಯುದ್ಧ ಆಗಿ ನಿಂತಿದ್ದಾನೆ, ಅವನ ಕಣ್ಣುಗಳೋ ಸಾವಿರ ಕುರುಡು ಕಿಟಕಿಗಳು. ಬೆಳಿಗ್ಗೆ ಬೆಂಗಳೂರು ರೈಲಿಗೆ ಓಡುವ ನಾನೂ ಅವನ ತಟ್ಟೆಯಲ್ಲೇ ಇದ್ದೀನಿ ಅಲ್ವಾ? ಮೂರನೇ ಭಾಗದ ಒಂದು ಹಾಳೆ ಕಿತ್ತುಹೋಗಿತ್ತು. ಕೇಳಿದ್ದಕ್ಕೆ ಅಂಗಡಿಯವರು ‘ನೋಡ್ಕೊಂಡು ತಗೋಬೇಕಿತ್ತು ಸಾರ್’ ಅಂದು ಸುಮ್ನೆ ಪೇಪರ್ ಓದುತ್ತಾ ಕೂತರು.