ಗುಂಯ್ ಸದ್ದಿಗೆ ಲ್ಯಾಮಿಂಗ್ಟನ್ ರೋಡಿನ ಪುಟ್ಟ ಡಬ್ಬಿ: ಯಾರು ಕೊಳ್ಳಬೇಕು, ಯಾರಿಗೆ ಬೇಡ

ಮನೆಯ ಸ್ಪೀಕರ್‌ನಿಂದ ಸದಾ ಗುಂಯ್ ಅನ್ನುತ್ತಿದ್ದರೆ, ಕರೆಂಟು ಶುದ್ಧ ಮಾಡುತ್ತೇನೆ ಅನ್ನೋ ಸಾವಿರಾರು ರೂಪಾಯಿಯ ಪವರ್ ಕಂಡಿಷನರ್ ನೋಡುವ ಮುಂಚೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನೋ ಪುಟ್ಟ ಡಬ್ಬಿ ಬಗ್ಗೆ ತಿಳಿದುಕೊಳ್ಳಿ. ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ನಮ್ಮ ಮನೆಯಲ್ಲಿ ಟಿವಿ ಕಡೆಯಿಂದ ಬರುತ್ತಿದ್ದ ಗುಂಯ್ ಅದನ್ನು ಹಾಕಿದ ಕೂಡಲೇ ನಿಂತಿತು. ಕಡಿಮೆ ಆಯಿತು ಅಲ್ಲ, ನಿಂತೇ ಹೋಯಿತು. ಆದರೆ ಎಲ್ಲ ಸದ್ದಿಗೂ ಇದೇ ಮದ್ದಲ್ಲ. ಯಾವ ಸದ್ದಿಗೆ ಇದು, ಯಾವುದಕ್ಕೆ ಅಲ್ಲ ಅಂತ ಅಂಗಡಿಯವರು ಹೇಳುವುದು ಕಡಿಮೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಮಾಟುಂಗದ ಹಳೇ ಬಿಲ್ಡಿಂಗ್. ಮೂರು ಪಿನ್ನಿನ ಹಳೇ ಆಂಪ್ಲಿಫೈಯರ್, ಅದಕ್ಕೆ ಟರ್ನ್‌ಟೇಬಲ್, ಕೇಬಲ್ ಕನೆಕ್ಷನ್ ಇರುವ ಟಿವಿ, ಮತ್ತೆ ಒಂದು ಲ್ಯಾಪ್‌ಟಾಪ್. ಕೇಳುವುದು ಜಾಸ್ತಿ ಹಿಂದೂಸ್ತಾನಿ, ಅದರಲ್ಲೂ ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿಯವರ ಹಳೇ ಎಲ್‌ಪಿಗಳು. ಇಂಥ ಸಂಗೀತಕ್ಕೆ ಗುಂಯ್ ಸದ್ದು ಮಾಡುವಷ್ಟು ಹಾನಿ ಬೇರೆ ಯಾವುದಕ್ಕೂ ಮಾಡುವುದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕರೆಂಟು 50 ಹರ್ಟ್ಜ್. ಹಾಗಾಗಿ ಅದರ ಸದ್ದು 50, 100, 150 ಹರ್ಟ್ಜ್‌ನಲ್ಲಿ ಬರುತ್ತದೆ. ಗಾಯಕರು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದಾರೆ ಅಂದುಕೊಳ್ಳಿ, ಷಡ್ಜ ಸುಮಾರು 139 ಹರ್ಟ್ಜ್, ತಂಬೂರಿಯ ಮಂದ್ರ ಪಂಚಮ ಸುಮಾರು 104. ಅದರ ಪಕ್ಕದಲ್ಲೇ ಸ್ಪೀಕರ್ 100ರಲ್ಲಿ ಗುಂಯ್ ಅನ್ನುತ್ತಿದ್ದರೆ ಎರಡೂ ಸೇರಿ ಸೆಕೆಂಡಿಗೆ ನಾಲ್ಕು ಸಲ ಅಲುಗುತ್ತವೆ. ಸರಿಯಾಗಿ ಶ್ರುತಿ ಮಾಡಿದ ತಂಬೂರಿ ಕೂಡ ಶ್ರುತಿ ತಪ್ಪಿದ ಹಾಗೆ ಕೇಳುತ್ತದೆ! ಸಿನಿಮಾ ಹಾಡಿನ ಅಬ್ಬರದಲ್ಲಿ ಇದು ಮುಚ್ಚಿಹೋಗಬಹುದು. ನಿಧಾನ ಆಲಾಪದಲ್ಲಿ ಹೋಗುವುದಿಲ್ಲ.

ಈಗ ಡಬ್ಬಿಯ ವಿಷಯ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಒಂದು ಕಡೆ ಎರಡು ಆರ್‌ಸಿಎ (ಆಡಿಯೋ ವೈರಿನ ದುಂಡು ಪಿನ್ನು) ಇನ್‌ಪುಟ್, ಇನ್ನೊಂದು ಕಡೆ ಎರಡು ಔಟ್‌ಪುಟ್. ಒಳಗೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರ್, ಅಷ್ಟೇ. ಕರೆಂಟು ಕೊಡಬೇಕಾಗಿಲ್ಲ. ಸಂಗೀತದ ಸಿಗ್ನಲ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಯಿಂದ ತಂತಿಗೆ ನೇರ ಸಂಪರ್ಕ ಇರುವುದಿಲ್ಲ. ಗುಂಯ್ ನಿಲ್ಲುವುದು ಇದರಿಂದಲೇ. ಆಂಪ್ ತನ್ನ ಮೂರನೇ ಪಿನ್ನಿನಿಂದ ಮನೆಯ ಅರ್ಥಿಂಗ್‌ಗೆ ಸೇರಿರುತ್ತದೆ. ಕೇಬಲ್ ಟಿವಿ ತಂತಿಯ ಹೊರಗಿನ ಜಾಲರಿ ಬಿಲ್ಡಿಂಗಿನ ಬೇರೆಲ್ಲೋ ನೆಲಕ್ಕೆ ಸೇರಿರುತ್ತದೆ. ಎರಡು ನೆಲಗಳ ನಡುವೆ ಒಂಚೂರು ವೋಲ್ಟೇಜ್ ವ್ಯತ್ಯಾಸ ಇದ್ದರೂ ಸಾಕು, ಸೆಟ್‌ಟಾಪ್ ಬಾಕ್ಸಿನಿಂದ ಟಿವಿ, ಟಿವಿಯಿಂದ ಆಡಿಯೋ ವೈರಿನ ಜಾಲರಿ ಹಿಡಿದು ಕರೆಂಟು ಸುತ್ತು ಹೊಡೆಯುತ್ತದೆ (ಗ್ರೌಂಡ್ ಲೂಪ್ ಅಂದರೆ ಈ ಸುತ್ತೇ), ಆಂಪ್ ಅದನ್ನೂ ಸಂಗೀತ ಅಂತಲೇ ದೊಡ್ಡದು ಮಾಡಿ ಕೊಡುತ್ತದೆ.

ನಿಮ್ಮ ಮನೆಯದ್ದು ಇದೇ ತೊಂದರೆಯಾ ಅಂತ ತಿಳಿಯಲು ಒಂದು ಪೈಸೆ ಬೇಡ. ಗುಂಯ್ ಬರುತ್ತಿರುವಾಗ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲ್ ತಂತಿ ತಿರುಗಿಸಿ ತೆಗೆಯಿರಿ. ಸದ್ದು ಹೋದರೆ ಲೂಪ್ ಅಲ್ಲೇ ಇದೆ, ಡಬ್ಬಿ ತನ್ನಿ. ಹೋಗದಿದ್ದರೆ ಡಬ್ಬಿ ತರಬೇಡಿ, ಬೇರೆ ಕಡೆ ಹುಡುಕಿ. ಟಿವಿಗೆ ಆಪ್ಟಿಕಲ್ ಔಟ್, ಆಂಪಿಗೆ ಆಪ್ಟಿಕಲ್ ಇನ್ ಎರಡೂ ಇರುವವರಿಗಂತೂ ಡಬ್ಬಿಯೇ ಬೇಡ. ಅಲ್ಲಿ ಬೆಳಕು ಮಾತ್ರ ಹೋಗುವುದರಿಂದ ಲೂಪ್ ತಾನಾಗೇ ತುಂಡಾಗುತ್ತದೆ. ನನ್ನ ಹಳೇ ಆಂಪಿನಲ್ಲಿ ಅದಿಲ್ಲ.

ದೋಷಗಳೂ ಇವೆ. ಚಿಕ್ಕ ಟ್ರಾನ್ಸ್‌ಫಾರ್ಮರ್ ತೀರಾ ಕೆಳಗಿನ ಸ್ವರಗಳನ್ನು ಪೂರ್ತಿ ದಾಟಿಸುವುದಿಲ್ಲ. ಸಿಗ್ನಲ್ ಜೋರಾದಾಗ ಅದರ ಒಳಗಿನ ಕಬ್ಬಿಣ ಇನ್ನು ಹಿಡಿಯಲಾರದಷ್ಟು ಕಾಂತಶಕ್ತಿ ತುಂಬಿಹೋಗಿ ಬಾಸ್ ಸ್ವಲ್ಪ ಒಡೆಯುತ್ತದೆ. ತಬಲಾದ ಡಗ್ಗಾ ಮೇಲಿನ ಮೀಂಡ್ ಇದೆಯಲ್ಲ, ಆ ಊಂ ಅನ್ನೋ ತುಂಬು ಸದ್ದು, ಅದು ಡಬ್ಬಿಯಲ್ಲಿ ಕೊಂಚ ಸಪ್ಪೆಯಾಗಿ ಕೇಳಿತು. ಟಿವಿ ನೋಡುವವರಿಗೆ ಇದು ಗೊತ್ತೂ ಆಗುವುದಿಲ್ಲ. ಗಂಭೀರವಾಗಿ ಸಂಗೀತ ಕೇಳುವ ದಾರಿಯಲ್ಲಿ ಮಾತ್ರ ಅಗ್ಗದ ಡಬ್ಬಿ ಇಡಬೇಡಿ, ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಒಳ್ಳೆಯದನ್ನೇ ತನ್ನಿ. ಆಂಪಿನ ಪವರ್ ಟ್ರಾನ್ಸ್‌ಫಾರ್ಮರ್ ಹತ್ತಿರವೂ ಇಡಬೇಡಿ, ಅದರ ಕಾಂತಕ್ಷೇತ್ರ ಈ ಚಿಕ್ಕದಕ್ಕೆ ತಾಗಿ ಹೊಸ ಗುಂಯ್ ಶುರುವಾಗುತ್ತದೆ. ಲೋಹದ ಡಬ್ಬಿಯದು ಪ್ಲಾಸ್ಟಿಕ್ಕಿಗಿಂತ ಮೇಲು.

ಟರ್ನ್‌ಟೇಬಲ್‌ಗೆ ಇದನ್ನು ಹಾಕಲೇಬಾರದು. ಅದರ ಮುಳ್ಳು ಕೂತಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಬರುವುದು ಬರೀ ಐದು ಮಿಲಿವೋಲ್ಟ್ ಆಸುಪಾಸು, ಅಷ್ಟು ಸಣ್ಣ ಸಿಗ್ನಲ್ ಈ ಡಬ್ಬಿಯಲ್ಲಿ ಕೆಟ್ಟುಹೋಗುತ್ತದೆ. ಟರ್ನ್‌ಟೇಬಲ್ ಗುಂಯ್ ಅಂದರೆ ಮೊದಲು ಅದರ ಹಿಂದಿನ ತೆಳ್ಳನೆಯ ಗ್ರೌಂಡ್ ತಂತಿ ನೋಡಿ. ಆಂಪಿನ ಜಿಎನ್‌ಡಿ ಸ್ಕ್ರೂಗೆ ಅದು ಗಟ್ಟಿಯಾಗಿ ಕೂತಿರಬೇಕು. ಮುಂಬೈಯ ಉಪ್ಪು ಗಾಳಿ, ಮಳೆಗಾಲದ ತೇವಕ್ಕೆ ಆ ಸ್ಕ್ರೂ, ಆರ್‌ಸಿಎ ಪಿನ್ನು ಎಲ್ಲ ಕಪ್ಪಾಗುತ್ತವೆ. ಪ್ರತಿ ಮಳೆಗಾಲ ಮುಗಿದ ಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿದರೆ ಅರ್ಧ ತೊಂದರೆ ಬರುವುದೇ ಇಲ್ಲ.

ಗೆಳೆಯರೊಬ್ಬರು ನೋಯ್ಸ್ ಫಿಲ್ಟರ್ ಇರುವ ದುಬಾರಿ ಎಕ್ಸ್‌ಟೆನ್ಷನ್ ಬೋರ್ಡನ್ನು ಪರೀಕ್ಷೆಗೆ ಕೊಟ್ಟಿದ್ದರು. ಟಿವಿ ಗುಂಯ್ ಮೇಲೆ ಅದರ ಪರಿಣಾಮ ಸೊನ್ನೆ. ಆಗಲೂ ಬಾರದು, ಯಾಕೆಂದರೆ ಅದು ತಡೆಯುವುದು ಕರೆಂಟಿನ ಜತೆ ಬರುವ ಹೈ ಫ್ರೀಕ್ವೆನ್ಸಿ ಕಸವನ್ನು, ಲೂಪ್ ಇರುವುದು ಸಿಗ್ನಲ್ ತಂತಿಯಲ್ಲಿ. ವೈರಿಗೆ ಕ್ಲಿಪ್ ಹಾಕುವ ಫೆರೈಟ್ ಉಂಗುರವೂ ಹಾಗೇ, ರೇಡಿಯೋ ಫ್ರೀಕ್ವೆನ್ಸಿಗೆ ಒಳ್ಳೆಯದು, 50 ಹರ್ಟ್ಜ್‌ಗೆ ಏನೂ ಮಾಡುವುದಿಲ್ಲ. ಲೈಟಿನ ಡಿಮ್ಮರ್ ತಿರುಗಿಸಿದಾಗ ಸ್ಪೀಕರ್ ಝುರ್ರ್ ಅಂದರೆ ಫಿಲ್ಟರ್ ಬೋರ್ಡಿಗಿಂತ ಡಿಮ್ಮರ್ ಬದಲಾಯಿಸುವುದೇ ಅಗ್ಗ. ಫ್ಯಾನಿಗೂ ಅಷ್ಟೇ, ಡಿಮ್ಮರ್ ತರಹದ್ದು ತೆಗೆದು ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ.

ಲ್ಯಾಪ್‌ಟಾಪ್ ಕಥೆ ಬೇರೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿದರೆ ಝುರ್ರ್ ಹೋಗುತ್ತಿತ್ತು, ಚುಚ್ಚಿದರೆ ಮತ್ತೆ ಬರುತ್ತಿತ್ತು. ಲ್ಯಾಪ್‌ಟಾಪಿನ ಲೋಹ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. ಇದನ್ನು ಸುಮ್ನೆ ಬಿಡಬಾರದು ಅಂತ ನಮ್ಮ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದೆ. ಕಾರ್ಕಳದವರು, ಈ ಬಿಲ್ಡಿಂಗಿನ ವೈರಿಂಗ್ ಎಲ್ಲ ಬಲ್ಲವರು. ಮೀಟರ್ ಹಿಡಿದು ನೋಡಿದರೆ ಹಾಲ್‌ನ ಸಾಕೆಟ್ ಸರಿ ಇದೆ: ಫೇಸ್‌ನಿಂದ ಅರ್ಥ್‌ಗೆ 230ರ ಹತ್ತಿರ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟು. ಲ್ಯಾಪ್‌ಟಾಪ್ ಮೇಜಿನ ಸಾಕೆಟ್‌ನಲ್ಲಿ ಮೂರನೇ ತೂತು ಬರೀ ತೂತು, ಹಿಂದೆ ತಂತಿಯೇ ಇಲ್ಲ. ಚಾರ್ಜರಿನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಒಂಚೂರು ಕರೆಂಟಿಗೆ ನೆಲಕ್ಕೆ ಹೋಗಲು ಬೇರೆ ದಾರಿ ಇಲ್ಲದೆ ಆಡಿಯೋ ವೈರ್ ಹಿಡಿದು ಆಂಪಿಗೆ ಬರುತ್ತಿತ್ತು. ಅವರು ಮೀಟರ್ ಬೋರ್ಡಿನಿಂದ ಅರ್ಥಿಂಗ್‌ನ ಹಸಿರು ತಂತಿ ಎಳೆದು ಕೊಟ್ಟರು. ಜುಮ್ ನಿಂತಿತು, ಝುರ್ರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ಇಡೀ ವಿಮರ್ಶೆಯಲ್ಲಿ ನಾನು ಪೂರ್ತಿ ಅಂಕ ಕೊಡುವುದು ಈ ಕೆಲಸಕ್ಕೆ.

ಅವರಿಗೆ ಒಂದು ಪ್ರಶ್ನೆ ಕೇಳಿದ್ದೆ. "ಅಣ್ಣ, ಆಂಪಿನ ಮೂರನೇ ಪಿನ್ ತೆಗೆದರೆ ಗುಂಯ್ ಹೋಗುತ್ತದೆ ಅಂತ ಒಂದು ಅಂಗಡಿಯಲ್ಲಿ ಹೇಳಿದರಲ್ಲ?"

"ಹೋಗ್ತದೆ ಮಾರಾಯ್ರೆ, ಆದ್ರೆ ಒಳಗೆ ಫೇಸ್ ಎಲ್ಲಾದ್ರೂ ಬಾಡಿಗೆ ತಾಗಿದ್ರೆ? ಮನೆಯಲ್ಲಿ ಮಕ್ಕಳು ಮುಟ್ಟೂದಿಲ್ವಾ? ಅದೊಂದು ಮಾಡ್ಬೇಡಿ."

ದಯವಿಟ್ಟು ಮಾಡಬೇಡಿ. ಆ ಪಿನ್ ಇರುವುದು ಜೀವ ಉಳಿಸಲು. ಹೀಗೆ ಸಲಹೆ ಕೊಡುವವರ ಹತ್ತಿರ ಏನೂ ಕೊಳ್ಳಬೇಡಿ ಅಂತಲೂ ಹೇಳುತ್ತೇನೆ. ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್ಚು) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಂದಾಗಲೇ ಹಾಕಿಸಿಕೊಳ್ಳಿ.

ಡಬ್ಬಿ ಕೊಳ್ಳಲು ಹೋಗುವವರಿಗೆ: ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ನಡೆಯುವಷ್ಟೇ ದೂರ. ಬೋರ್ಡುಗಳಲ್ಲಿ ಡಾ. ಭಡಕಮ್ಕರ್ ಮಾರ್ಗ ಅಂತ ಇರುತ್ತದೆ, ಜನರ ಬಾಯಲ್ಲಿ ಲ್ಯಾಮಿಂಗ್ಟನ್ ರೋಡೇ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಕಾರಿನ ಸ್ಟೀರಿಯೋ ಸಾಮಾನು ಮಾರುವ ಅಂಗಡಿಗಳಲ್ಲೂ ಇದೇ ಡಬ್ಬಿ ಇರುತ್ತದೆ, ಕಾರಿನಲ್ಲೂ ಇದೇ ತೊಂದರೆ ಇರುವುದರಿಂದ. ಕೈಯಲ್ಲಿ ಹಿಡಿದು ತೂಗಿ ನೋಡಿ, ತೀರಾ ಹಗುರ ಇದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ತೀರಾ ಚಿಕ್ಕದು. ಲೈನ್ ಲೆವೆಲ್‌ದೇ (ಆಂಪಿಗೆ ಹೋಗುವ ಆಡಿಯೋ ವೈರಿಗೆ ಹಾಕುವಂಥದ್ದೇ) ಬೇಕು, ಸ್ಪೀಕರ್ ವೈರಿಗೆ ಹಾಕುವುದಕ್ಕಲ್ಲ ಅಂತ ಬಿಡಿಸಿ ಹೇಳಿ. ಕೆಲಸ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ, ಒಪ್ಪಿದರೆ ಬಿಲ್ಲಿನ ಮೇಲೆ ಬರೆಸಿಕೊಂಡೇ ಬನ್ನಿ.