ಹಳೆ ಹುಬ್ಬಳ್ಳಿಯಲ್ಲಿ ಹೊಲಿಸಿದ ಹೇರು ಚೀಲ, ಸಿಗಂದೂರು ಲಾಂಚ್ ತನಕ

ಮೊದಲೇ ಹೇಳಿಬಿಡುತ್ತೇನೆ, ಚೀಲ ಚೆನ್ನಾಗಿದೆ. ಸೈಕಲ್ಲಿನ ಕ್ಯಾರಿಯರ್‌ಗೆ ಎರಡೂ ಬದಿ ನೇತು ಹಾಕುವ ಜೋಡಿ ಚೀಲ ಇದು, ಸೈಕಲ್ ಮೇಲೆ ದೂರ ಹೋಗುವವರು ಪ್ಯಾನಿಯರ್ ಅಂತಾರಲ್ಲ, ಅದೇ. ಹಳೆ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಲಾರಿ ತಾಡಪತ್ರಿ ಹೊಲಿಯುವ ಕಾಕಾ ಒಬ್ಬರಿದ್ದಾರೆ, ಅವರ ಹತ್ತಿರ ಹೊಲಿಸಿದೆ. ಅಂಗಡಿಗೆ ಬೋರ್ಡ್ ಇಲ್ಲ. ಎರಡು ಮಷಿನ್, ಒಂದು ಹಳೆ ಮಂಚ, ಅಷ್ಟೇ. ಜೋಡಿಗೆ 1,900 ರೂಪಾಯಿ ಕೊಟ್ಟೆ. ಒಂದು ವರ್ಷಕ್ಕಿಂತ ಜಾಸ್ತಿ ಆಯಿತು. ಮಳೆ, ಕೆಸರು, ಬಿಸಿಲು, ಲಾಂಚ್ ಎಲ್ಲ ಆದ ಮೇಲೆ ಬರೆಯುತ್ತಿದ್ದೇನೆ.

ಜರ್ಮನಿಯ ಆರ್ಟ್‌ಲೀಬ್ ಕಂಪನಿಯ ಚೀಲಕ್ಕೆ ದೊಡ್ಡ ಹೆಸರಿದೆ. ಅದರಲ್ಲಿ ಸೂಜಿ ಹಾಕದೆ ಅಂಚುಗಳನ್ನು ಬೆಸೆದಿರುತ್ತಾರೆ, ಹಾಗಾಗಿ ನೀರು ಹೋಗಲು ತೂತೇ ಇರುವುದಿಲ್ಲ. ಆದರೆ ಆ ದುಡ್ಡಿಗೆ ಇಲ್ಲಿ ಇನ್ನೊಂದು ಸೈಕಲ್ಲೇ ಬರುತ್ತದೆ. ಅಕ್ಕನ ಮಗ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಯದ್ದು ಒಂದು ಜೋಡಿ ತರಿಸಿದ್ದ, ಯಾವ ಕಂಪನಿ ಅನ್ನುವುದು ಬೇಡ, ಅದರ ಕಥೆ ಮುಂದೆ ಬರುತ್ತದೆ.

ನಾನು ಹಾಳೆಯ ಮೇಲೆ ಚೌಕಾಕಾರದ ಚೀಲದ ಚಿತ್ರ ಬರೆದುಕೊಂಡು ಹೋಗಿದ್ದೆ. ಕಾಕಾ ಹಾಳೆ ನೋಡಿ ಪಕ್ಕಕ್ಕಿಟ್ಟರು. "ಇದು ಹೇರಿನ ಚೀಲ ಅಲ್ರೀ? ಎತ್ತಿನ ಬೆನ್ನ ಮ್ಯಾಲೆ ಹಾಕತಿದ್ರಲ್ಲ, ಅದ. ಎರಡೂ ಕಡೆ ತೂಕ ಸಮ ಬೀಳಬೇಕು, ಇಲ್ಲಂದ್ರ ಎತ್ತು ನಡೆಯಂಗಿಲ್ಲ. ನಾಳೆ ಸೈಕಲ್ ತಗೊಂಡು ಬರ್ರಿ" ಅಂದರು. ಮರುದಿನ ಸೈಕಲ್ ಮೇಲೆ ನನ್ನನ್ನೇ ಕೂರಿಸಿ, ಗೋಡೆ ಹಿಡಿದುಕೊಳ್ಳಲು ಹೇಳಿ, ಪೆಡಲ್ ಹಿಂದಕ್ಕೆ ತಿರುಗಿಸಿಸಿ, ನನ್ನ ಹಿಮ್ಮಡಿ ಎಲ್ಲಿ ತನಕ ಬರುತ್ತದೆ ಅಂತ ರಟ್ಟಿನ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಚೀಲದ ಮುಂದಿನ ಕೆಳಮೂಲೆಯನ್ನು ಆ ಗೆರೆಗೆ ಸರಿಯಾಗಿ ಓರೆ ಕತ್ತರಿಸಿದರು. ನನ್ನ ಚಿತ್ರದಂತೆ ಹೊಲಿದಿದ್ದರೆ ಪ್ರತಿ ಸುತ್ತಿಗೂ ಹಿಮ್ಮಡಿ ಚೀಲಕ್ಕೆ ತಾಗುತ್ತಿತ್ತು. ಸೈಕಲ್ ಮೇಲೆ ದೂರ ಹೋಗಿ ಗೊತ್ತಿಲ್ಲದ ಮನುಷ್ಯ ಇದನ್ನು ಕಂಡುಹಿಡಿದದ್ದು ನನಗೆ ಇವತ್ತಿಗೂ ದೊಡ್ಡ ವಿಷಯ.

ಒಳಗೆ ಚಕ್ರದ ಕಡೆಗೆ ಹಳೆ ನೀಲಿ ಡ್ರಮ್ಮಿನ ಪ್ಲಾಸ್ಟಿಕ್ ತುಂಡು ಕೂರಿಸಿದ್ದಾರೆ, ಅದರಿಂದ ಚೀಲ ಉಬ್ಬಿ ಚಕ್ರದ ಕಡ್ಡಿಗಳಿಗೆ ಸಿಗುವುದಿಲ್ಲ. ಮೇಲೆ ಕಬ್ಬಿಣದ ಪಟ್ಟಿಯ ಎರಡು ಕೊಕ್ಕೆ, ಅದಕ್ಕೆ ಸೈಕಲ್ ಟ್ಯೂಬ್ ಹೊದಿಸಿದ್ದರಿಂದ ಗಡಗಡ ಸದ್ದಿಲ್ಲ. ಕೆಳಗೆ ಟ್ಯೂಬಿನದ್ದೇ ಒಂದು ಎಳೆ, ಕ್ಯಾರಿಯರ್ ಕಾಲಿಗೆ ಸಿಕ್ಕಿಸಬೇಕು. ಬಾಯಿಗೆ ಚೈನ್ ಇಲ್ಲ. ಮೂರು ಮಡಿಕೆ ಸುತ್ತಿ ಬಕಲ್ ಹಾಕುವುದು. ಚೈನ್ ಒಳಗೆ ಕೆಸರು ಹೊಕ್ಕರೆ ದಾರಿಯಲ್ಲಿ ಕೈ ಕೊಡುತ್ತದೆ, ಹಾಗಾಗಿ ಇದೇ ಸರಿ.

ಮೊದಲ ಭಾನುವಾರ ಎರಡೂ ಬದಿ ಐದೈದು ಕಿಲೋ ಅಕ್ಕಿ ಹಾಕಿಕೊಂಡು ಉಣಕಲ್ ಕೆರೆ ದಾಟಿ ಧಾರವಾಡದ ಕೆಲಗೇರಿ ಕೆರೆ ತನಕ ಹೋಗಿ ಬಂದೆ. ಏನೂ ತೊಂದರೆ ಆಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಮೊದಲಿನ ವಾರ, ನಾನು ಮತ್ತು ಅಕ್ಕನ ಮಗ ಶರಾವತಿ ಹಿನ್ನೀರಿನ ಕಡೆ ಹೊರಟೆವು.

ಬಂಕಾಪುರದ ಹತ್ತಿರ ಹೆದ್ದಾರಿ ಬಿಟ್ಟು ಹಾನಗಲ್ ದಾರಿ ಹಿಡಿದ ಮೇಲೆ ಸೈಕಲ್ ಹೊಡೆಯುವುದೇ ಬೇರೆ ಥರ. ಹಾನಗಲ್ ತಾಲ್ಲೂಕು ಅಂದರೆ ಕೆರೆಗಳ ಸೀಮೆ. ಭತ್ತದ ಗದ್ದೆ, ಅದರ ಮೇಲೊಂದು ಕೆರೆ, ಏರಿ ಮೇಲೆ ದಾರಿ, ಇಳಿದರೆ ಮತ್ತೆ ಗದ್ದೆ. ಆ ವರ್ಷ ಮಳೆ ಚೆನ್ನಾಗಿದ್ದರಿಂದ ಕೋಡಿ ಹರಿಯುವ ಸದ್ದು ದಾರಿಯಲ್ಲೇ ಕೇಳುತ್ತಿತ್ತು. ಏರಿ ಮೇಲಿನ ಮಣ್ಣುದಾರಿ ಚೀಲಕ್ಕೆ ನಿಜವಾದ ಪರೀಕ್ಷೆ. ಅಲ್ಲೇ ಒಂದು ಗುಂಡಿಯಲ್ಲಿ ಅಕ್ಕನ ಮಗನ ಆನ್‌ಲೈನ್ ಚೀಲದ ಪ್ಲಾಸ್ಟಿಕ್ ಕೊಕ್ಕೆ ಪಟ್ ಅಂತ ಮುರಿಯಿತು, ಚೀಲ ಉರುಳಿಕೊಂಡು ಕೆರೆಯ ಅಂಚಿನ ತನಕ ಹೋಯಿತು. ಹಳೆ ಟ್ಯೂಬ್ ಉದ್ದಕ್ಕೆ ಸೀಳಿ ಕಟ್ಟಿಕೊಂಡು ಮುಂದೆ ನಡೆದೆವು. ಕಾಕಾನ ಕಬ್ಬಿಣದ ಕೊಕ್ಕೆ ಅಲ್ಲಾಡಲಿಲ್ಲ. ದೂರದ ದಾರಿಯಲ್ಲಿ ಕೊಕ್ಕೆ ಮುರಿದರೆ ಎಂಥ ಒಳ್ಳೆ ಬಟ್ಟೆ ಇದ್ದೂ ಪ್ರಯೋಜನ ಇಲ್ಲ, ಯಾವ ಚೀಲ ಕೊಳ್ಳುವುದಾದರೂ ಮೊದಲು ಕೊಕ್ಕೆ ನೋಡಿ. ರಾತ್ರಿ ಹಾನಗಲ್‌ನಲ್ಲೇ ಉಳಿದೆವು. ಬೆಳಿಗ್ಗೆ ತಾರಕೇಶ್ವರ ಗುಡಿಯ ಛಾವಣಿಯ ಕಮಲ ನೋಡಿ, ಆನೆಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಹೊರಟೆವು. ಆ ಕಮಲ ನೋಡದೆ ಯಾರೂ ಹಾನಗಲ್ ದಾಟಬಾರದು.

ಆನವಟ್ಟಿ ದಾಟಿ ಸೊರಬದ ಕಡೆ ಹೋಗುವಾಗ ಮಳೆ ಹಿಡಿಯಿತು, ಒಂದೂವರೆ ಗಂಟೆ ಬಿಡಲಿಲ್ಲ. ಚೀಲದ ಕೊರತೆ ಗೊತ್ತಾಗಿದ್ದು ಇಲ್ಲಿ. ಸಾಗರದಲ್ಲಿ ಬಿಚ್ಚಿ ನೋಡಿದರೆ ಮೇಲಿನಿಂದ ಒಂದು ಹನಿ ಹೋಗಿಲ್ಲ, ಆದರೆ ತಳದ ಹೊಲಿಗೆಯಿಂದ ನೀರು ಬಂದು ಕೆಳಗಿನ ಬಟ್ಟೆ ಒದ್ದೆಯಾಗಿತ್ತು. ಕಾರಣ ಸರಳ. ಹೊಲಿಗೆ ಅಂದರೆ ಸೂಜಿ ತೂತುಗಳ ಸಾಲು, ಚಕ್ರ ಎರಚುವ ನೀರೆಲ್ಲ ತಳಕ್ಕೇ ಬೀಳುತ್ತದೆ, ಒಳಗಿನ ತೂಕ ಎಳೆದು ತೂತನ್ನು ಇನ್ನೂ ಅಗಲ ಮಾಡುತ್ತದೆ. ಸಾಗರದಲ್ಲೇ ಗೊಬ್ಬರದ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ಕವರ್ ಎರಡು ಹುಡುಕಿ ತಂದು ಒಳಗೆ ಹಾಕಿದೆ. ಆಮೇಲೆ ಬಟ್ಟೆ ಒದ್ದೆಯಾಗಿಲ್ಲ.

ಮೂರನೇ ದಿನ ಹೊಳೆಬಾಗಿಲು, ಹಿನ್ನೀರು ದಾಟಿ ಸಿಗಂದೂರಿಗೆ ಹೋಗಲು ಆಗ ಲಾಂಚ್ ಹತ್ತುತ್ತಿದ್ದ ಜಾಗ. ಲಾಂಚ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ಹೇರು ಹಾಕಿದ ಸೈಕಲ್ಲನ್ನು ದೋಣಿಗೆ ಏರಿಸುವುದು ಒಂದು ಕೆಲಸ. ಇಳಿಜಾರಿನ ಕೊನೆಗೆ ಲಾಂಚಿನ ಕಬ್ಬಿಣದ ಹಲಗೆ, ಅದು ಸದಾ ಒದ್ದೆ ಇರುತ್ತಿತ್ತು, ಸೈಕಲ್ ಮೇಲೆ ಕೂತು ಹೋಗುವಂತಿರಲಿಲ್ಲ, ಇಳಿದು ಎರಡೂ ಬ್ರೇಕ್ ಹಿಡಿದು ನಡೆಯಬೇಕಿತ್ತು. ಮಧ್ಯದಲ್ಲಿ ಬಸ್ಸು, ಕಾರು ನಿಲ್ಲುತ್ತಿದ್ದವು. ನಮ್ಮ ಸೈಕಲ್ ಕಂಬಿಗೆ ಒರಗಿಸಿದೆವು. ಎಂಜಿನ್ ಶುರುವಾದ ಕೂಡಲೇ ನೆಲವೆಲ್ಲ ನಡುಗುತ್ತಿತ್ತು, ಸ್ಟ್ಯಾಂಡ್ ನಂಬಿದ್ದರೆ ಸೈಕಲ್ ಬೀಳುವುದು ಖಂಡಿತವಿತ್ತು. ಮುಂದಿನ ಬ್ರೇಕ್ ಹಿಡಿಗೆ ದಪ್ಪ ರಬ್ಬರ್ ಬ್ಯಾಂಡ್ ಬಿಗಿದುಬಿಟ್ಟರೆ ಚಕ್ರ ಉರುಳುವುದಿಲ್ಲ, ಆಮೇಲೆ ಟ್ಯೂಬಿನ ಎಳೆಯಿಂದ ಕಂಬಿಗೆ ಕಟ್ಟಬೇಕು. ಕಂಬಿಗೆ ಉಜ್ಜಿದ ಕಡೆ ತಾಡಪತ್ರಿಯಲ್ಲಿ ಬಿಳಿ ಗೆರೆ ಮೂಡಿದೆ, ಹರಿದಿಲ್ಲ.

ಸುತ್ತ ನೀರೇ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು ಇದು, ಕೆಳಗೆ ಜನರ ಗದ್ದೆ, ಮನೆ, ತೋಟ ಮುಳುಗಿವೆ. ಪಕ್ಕದಲ್ಲಿ ನಿಂತಿದ್ದ, ಆಚೆ ದಡದ ತುಮರಿ ಕಡೆಯ ಹಿರಿಯರೊಬ್ಬರು ಚೀಲ ಮುಟ್ಟಿ ನೋಡಿ, "ಹುಬ್ಬಳ್ಳಿಯಿಂದ ಸೈಕಲ್ಲಲ್ಲೇ ಬಂದ್ರಾ ಮಾರಾಯ್ರೇ" ಅಂದರು. ಸಂಜೆ ಮೇಲೆ ಲಾಂಚ್ ಇಲ್ಲ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಏನು ಕಷ್ಟ ಅನ್ನುವುದನ್ನೂ ಅವರೇ ಹೇಳಿದರು. ಈಗ ಅಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ಬಂದಿದೆ, 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಸುದ್ದಿ ಓದಿದಾಗ ಆ ಹಿರಿಯರೇ ನೆನಪಾದರು, ನನಗೆ ತುಂಬ ಸಂತೋಷವಾಯಿತು.

ವಾಪಸ್ ಬಂದ ಮೇಲೆ ಒದ್ದೆಯಾದ ತಳವನ್ನು ಕಾಕಾಗೆ ತೋರಿಸಿದೆ. ಚೀಲ ಒಳಮಗ್ಗುಲು ಮಾಡಿ ಬಹಳ ಹೊತ್ತು ನೋಡಿದರು. ತಳಕ್ಕೆ ಇನ್ನೊಂದು ಪಟ್ಟಿ ಅಂಟಿಸಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಅಕ್ಕನ ಮಗನಿಗೆ ಹೊಲಿದ ಹೊಸ ಜೋಡಿಯಲ್ಲಿ ತಳದ ಹೊಲಿಗೆಯೇ ಇಲ್ಲ. ಒಂದೇ ತುಂಡು ತಾಡಪತ್ರಿ ಕೆಳಗಿನಿಂದ ಸುತ್ತಿ ಬಂದು, ಹೊಲಿಗೆ ಬದಿಯಲ್ಲಿ ನಾಲ್ಕು ಬೆರಳು ಮೇಲೆ ಕೂತಿದೆ. ಈ ಮಳೆಗಾಲದಲ್ಲಿ ಅವನು ಅದನ್ನು ಹಾಕಿಕೊಂಡು ಗದಗಿನ ತನಕ ಹೋಗಿ ಬಂದ, ಒಳಗಿಟ್ಟ ಪುಸ್ತಕದ ಹಾಳೆ ಸಹ ನೆನೆದಿರಲಿಲ್ಲ.

ಕೊರತೆ ಇನ್ನೂ ಇವೆ. ಖಾಲಿ ಚೀಲವೇ ಒಂದೊಂದು ಕಿಲೋ ಮೇಲೆ ತೂಗುತ್ತದೆ. ಹೊರಗೆ ಜೇಬಿಲ್ಲ, ಪಂಪು, ಪಂಕ್ಚರ್ ಸಾಮಾನು ತೆಗೆಯಲು ಎಲ್ಲ ಬಿಚ್ಚಬೇಕು. ಹೇಳಿದ ದಿನಕ್ಕಿಂತ ಎರಡು ವಾರ ತಡ ಮಾಡಿದರು. ಹೊಲಿಸುವವರು ಸೈಕಲ್ ಜೊತೆಗೇ ಹೋಗಿ, ದೂರ ಹೋಗುವಾಗ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಹೋಗಿ, ಹಿಮ್ಮಡಿ ಅಳತೆ ಅದರ ಮೇಲೆ ನಿಂತಿದೆ. ಮೇ, ಜೂನ್‌ನಲ್ಲಿ ಮಾತ್ರ ಕೇಳಬೇಡಿ, ಆಗ ಲಾರಿಯವರೆಲ್ಲ ಮಳೆಗೆ ಮೊದಲು ತಾಡಪತ್ರಿ ಹೊಲಿಸಲು ಬಂದು ಸಾಲು ಹಚ್ಚಿರುತ್ತಾರೆ.